ಹಳೆಯ ಕಾರಿನ ತಪಾಸಣೆ ವರದಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಫಿಟ್‌ನೆಸ್ ತಪಾಸಣೆಯಲ್ಲಿ ಫೇಲ್ ಆದ ಹಳೆಯ ಕಾರುಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಉತ್ತರಗಳಲ್ಲಿ ಹೇಳಿರುವ ಮಿತಿಗಳು ಹಲವು ದೇಶಗಳ ನಿಯಮಗಳಲ್ಲಿ ಸಾಮಾನ್ಯವಾಗಿ ಕಾಣುವಂಥವು. ನಿಮ್ಮ ವರದಿಯಲ್ಲಿ ಅಳತೆಯ ಪಕ್ಕ ಬೇರೆ ಮಿತಿ ಮುದ್ರಿತವಾಗಿದ್ದರೆ ಅದನ್ನೇ ಹಿಡಿಯಿರಿ. ಬಹುತೇಕ ಪತ್ರಗಳಲ್ಲಿ ಒಂದೇ ಕತೆ: ವರದಿಯಲ್ಲಿ ಹೆಸರು ಬಂದ ಭಾಗವನ್ನು ನೇರವಾಗಿ ಬದಲಾಯಿಸಿದ್ದಾರೆ, ದುಡ್ಡು ಹೋಗಿದೆ, ಎರಡನೇ ಸಲವೂ ಫೇಲ್ ಆಗಿದೆ. ಹಾಗಾಗಿ ಕಾರಣ ಹುಡುಕುವ ಕ್ರಮಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ಮುಂದಿನ ಎಡಚಕ್ರದ ಬ್ರೇಕ್ ಬಲ 2.4, ಬಲಚಕ್ರದ್ದು 1.5 ಕಿಲೋನ್ಯೂಟನ್ ಎಂದು ವರದಿಯಲ್ಲಿದೆ. ‘ಅಸಮತೋಲನ’ ಎಂದು ಬರೆದು ಫೇಲ್ ಮಾಡಿದ್ದಾರೆ. ಪ್ಯಾಡ್ ಹೊಸದು. ಓಡಿಸುವಾಗ ಕಾರು ಯಾವ ಕಡೆಗೂ ಎಳೆಯುವುದಿಲ್ಲ. ಯಂತ್ರದ ತಪ್ಪಿರಬಹುದೇ?

ಉತ್ತರ: ಯಂತ್ರದ ಲೆಕ್ಕ ಸರಿಯಾಗಿಯೇ ಇದೆ. ದೊಡ್ಡ ಬಲದಿಂದ ಚಿಕ್ಕದನ್ನು ಕಳೆದು, ಬಂದದ್ದನ್ನು ದೊಡ್ಡ ಬಲದಿಂದಲೇ ಭಾಗಿಸುತ್ತಾರೆ. ನಿಮ್ಮದು 0.9 ಭಾಗಿಸು 2.4, ಅಂದರೆ 37.5%. ಒಂದೇ ಆಕ್ಸಲ್‌ನ ಎರಡು ಚಕ್ರಗಳ ನಡುವೆ 30%ಗಿಂತ ಹೆಚ್ಚು ವ್ಯತ್ಯಾಸ ಇರಬಾರದು ಎಂಬುದು ಹಲವು ಕಡೆಯ ಮಿತಿ. ಒಣರಸ್ತೆಯಲ್ಲಿ ಮೆಲ್ಲಗೆ ಬ್ರೇಕ್ ಹಾಕುವಾಗ ಇಷ್ಟು ವ್ಯತ್ಯಾಸ ಕೈಗೆ ಗೊತ್ತಾಗದಿರಬಹುದು. ಎಷ್ಟೋ ಕಾರುಗಳ ಸ್ಟೀರಿಂಗ್ ಜೋಡಣೆಯೇ ಇಂಥ ಎಳೆತವನ್ನು ಮುಚ್ಚಿಡುವಂತಿರುತ್ತದೆ. ಒದ್ದೆ ರಸ್ತೆಯಲ್ಲಿ ಜೋರಾಗಿ ತುಳಿದಾಗ ಮಾತ್ರ ಅದು ಹೊರಬೀಳುತ್ತದೆ, ಅದೂ ಕೆಟ್ಟ ಹೊತ್ತಿನಲ್ಲಿ.

ಸಾಮಾನ್ಯವಾಗಿ ಬಲ ಕಡಿಮೆ ಇರುವ ಕಡೆಯೇ ದೋಷ. ಕಾರನ್ನು ಜಾಕ್‌ನಿಂದ ಎತ್ತಿ, ಸ್ಟ್ಯಾಂಡ್ ಕೊಟ್ಟು, ಬಲಚಕ್ರ ಬಿಚ್ಚಿಸಿ. ಎರಡೂ ಪ್ಯಾಡ್ ಹೊರತೆಗೆದು ಪಕ್ಕಪಕ್ಕ ಇಟ್ಟು ದಪ್ಪ ನೋಡಿ. ಒಳಗಿನ ಪ್ಯಾಡ್ ಹೆಚ್ಚು ಸವೆದು ಹೊರಗಿನದು ಹಾಗೇ ಇದ್ದರೆ ಕ್ಯಾಲಿಪರ್‌ನ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ) ಸ್ಲೈಡ್ ಪಿನ್‌ಗಳು, ಅಂದರೆ ಅದು ಸರಿದಾಡುವ ಕಡ್ಡಿಗಳು, ಹಿಡಿದುಕೊಂಡಿವೆ ಎಂದರ್ಥ. ಪಿಸ್ಟನ್ ಒಳಗಿನ ಪ್ಯಾಡನ್ನು ಒತ್ತುತ್ತದೆ, ಆದರೆ ಕ್ಯಾಲಿಪರ್ ಸರಿದು ಹೊರಗಿನದನ್ನು ಒತ್ತುವುದಿಲ್ಲ. ಹಳೆಯ ಕಾರುಗಳಲ್ಲಿ ನಾವು ಮೊದಲು ನೋಡುವುದೇ ಇದನ್ನು. ಹೊಸ ಪ್ಯಾಡ್ ಹಾಕುವಾಗ ಪಿನ್ ಹೊರತೆಗೆದು ಒರೆಸದೆ ಹಾಗೇ ಮುಚ್ಚುವುದು ಬಹಳ ನಡೆಯುತ್ತದೆ. ಪಿನ್ ಎಳೆದು, ಒಣಗಿದ ಗ್ರೀಸ್ ಮತ್ತು ತುಕ್ಕನ್ನು ಪೂರ್ತಿ ತೆಗೆದು, ಬ್ರೇಕ್‌ಗೆಂದೇ ಬರುವ ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಬೇಕು. ಬೇರಿಂಗ್‌ಗೆ ಹಾಕುವ ಮಾಮೂಲಿ ಗ್ರೀಸ್ ಬೇಡ. ಅದರ ಪೆಟ್ರೋಲಿಯಂ ಎಣ್ಣೆಗೆ ರಬ್ಬರ್ ಉಬ್ಬಿ ಪಿನ್ ಮತ್ತೆ ಬಿಗಿಯಾಗುತ್ತದೆ. ಪಿನ್‌ನ ರಬ್ಬರ್ ಬೂಟ್ ಹರಿದಿದ್ದರೆ ಅದನ್ನೂ ಬದಲಾಯಿಸಿ, ಇಲ್ಲವಾದರೆ ಒಂದು ಮಳೆಗಾಲಕ್ಕೇ ನೀರು ಸೇರುತ್ತದೆ.

ಎರಡೂ ಪ್ಯಾಡ್ ಎಡಗಡೆಯವಕ್ಕಿಂತ ದಪ್ಪ ಉಳಿದಿದ್ದರೆ ಒತ್ತಡವೇ ತಲುಪುತ್ತಿಲ್ಲ, ಅಥವಾ ಪಿಸ್ಟನ್ ಸಿಕ್ಕಿಕೊಂಡಿದೆ. ಒಬ್ಬರು ಪೆಡಲ್ ತುಳಿಯಲಿ, ಇನ್ನೊಬ್ಬರು ಬ್ಲೀಡ್ ನಿಪ್ಪಲ್ (ಕ್ಯಾಲಿಪರ್‌ನಿಂದ ಎಣ್ಣೆ ಹೊರಬಿಡುವ ತಿರುಪು) ಸಡಿಲಿಸಿ ಎರಡೂ ಕಡೆ ಎಣ್ಣೆಯ ಹರಿವನ್ನು ಹೋಲಿಸಲಿ. ಬಲಗಡೆ ಮಾತ್ರ ಸಣ್ಣಗೆ ಬಂದರೆ ರಬ್ಬರ್ ಹೋಸ್ ಒಳಗಿನಿಂದ ಉಬ್ಬಿ ದಾರಿ ಮುಚ್ಚಿದೆ. ಹೊರಗಿನಿಂದ ಅದು ಹೊಸದರಂತೆಯೇ ಕಾಣುತ್ತದೆ. ಇಂಥ ಹೋಸ್‌ನ ಇನ್ನೊಂದು ಗುರುತೆಂದರೆ ಪೆಡಲ್ ಬಿಟ್ಟ ಮೇಲೂ ಚಕ್ರ ಬಿಗಿಯಾಗಿದ್ದು, ರಿಮ್ ಮುಟ್ಟಲಾಗದಷ್ಟು ಬಿಸಿಯಾಗುವುದು. ಹರಿವು ಸರಿಯಿದ್ದರೆ ಪಿಸ್ಟನ್ ಬಿಚ್ಚಿಸಿ. ಅದರ ಮೈಯಲ್ಲಿ ತುಕ್ಕಿನ ಗುಳಿ ಬಿದ್ದಿದ್ದರೆ ಉಜ್ಜಿ ಹಾಕುವುದು ಬೇಡ. ಹೊಸ ಪಿಸ್ಟನ್ ಮತ್ತು ಸೀಲ್ ಕಿಟ್ ಹಾಕಿಸಿ.

ಡಿಸ್ಕ್‌ನ ಕನಿಷ್ಠ ದಪ್ಪವನ್ನು ಅನೇಕ ಸಲ ಡಿಸ್ಕ್ ಮೇಲೆಯೇ ಅಚ್ಚೊತ್ತಿರುತ್ತಾರೆ. ಅಂಚಿನಲ್ಲಿ ಉಳಿದ ತುಕ್ಕಿನ ಏಣು ಸೇರಿಸಿ ಅಳೆದರೆ ಲೆಕ್ಕ ತಪ್ಪುತ್ತದೆ. ಪ್ಯಾಡ್ ಓಡುವ ಜಾಗದಲ್ಲಿ ಮೈಕ್ರೋಮೀಟರ್ ಇಟ್ಟು ನಾಲ್ಕೈದು ಕಡೆ ಅಳೆಯಿರಿ. ಬ್ರೇಕ್ ಎಣ್ಣೆ ಎರಡು ವರ್ಷ ದಾಟಿದ್ದರೆ ಈ ಕೆಲಸದಲ್ಲೇ ಬದಲಾಯಿಸಿಬಿಡಿ. ಅದು ಗಾಳಿಯ ತೇವ ಹೀರುತ್ತದೆ: ಡಾಟ್ 4 ದರ್ಜೆಯ ಎಣ್ಣೆಯ ಕುದಿಬಿಂದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು, ತೇವ ಸೇರಿದ ಮೇಲಿನ ಮಾನಕ 155 ಮಾತ್ರ. ಪೂರ್ತಿ ಬದಲಾಯಿಸಲು ಸಣ್ಣ ಕಾರಿಗೆ 1 ಲೀಟರ್ ಇಟ್ಟುಕೊಂಡರೆ ಸಾಕು. ಪ್ಯಾಡ್, ಡಿಸ್ಕ್, ಶೂ (ಡ್ರಮ್ ಬ್ರೇಕ್‌ನಲ್ಲಿ ಪ್ಯಾಡ್‌ನ ಕೆಲಸ ಮಾಡುವುದು) ಯಾವುದೇ ಇರಲಿ, ಆಕ್ಸಲ್‌ನ ಎರಡೂ ಕಡೆ ಒಟ್ಟಿಗೇ ಹಾಕಬೇಕು. ಆಮೇಲೆ ಖಾಲಿ ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ.ಯಿಂದ 10ಕ್ಕೆ ಇಳಿಸುತ್ತ ಹತ್ತಾರು ಸಲ ಮಧ್ಯಮವಾಗಿ ಬ್ರೇಕ್ ಹಾಕಿ, ನಡುನಡುವೆ ಆರಲು ಬಿಡಿ. ಕೂರದ ಹೊಸ ಪ್ಯಾಡ್‌ನೊಂದಿಗೆ ಸೀದಾ ತಪಾಸಣೆಗೆ ಹೋದರೆ ಬಲ ಮತ್ತೆ ಕಡಿಮೆ ಬರುತ್ತದೆ.

ಪ್ರಶ್ನೆ: ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿ ಮಾಡಿಸಿದರೂ ಫೇಲ್. ಹಿಂದೆ ಡ್ರಮ್ ಬ್ರೇಕ್ ಇದೆ.

ಉತ್ತರ: ಕ್ರಮ ತಲೆಕೆಳಗಾಗಿದೆ. ಕೇಬಲ್ಲನ್ನು ಪೂರ್ತಿ ಸಡಿಲಿಸಿ, ಮೊದಲು ಡ್ರಮ್ ಒಳಗಿನ ಶೂಗಳನ್ನು ಸವರಿಕೊಂಡು ತಿರುಗುವಷ್ಟು ಹೊಂದಿಸಿ, ಪೆಡಲ್ಲನ್ನು ಹತ್ತು ಸಲ ತುಳಿದು, ಕೊನೆಗೆ ಕೇಬಲ್ ಬಿಗಿ ಮಾಡಬೇಕು. ಕೇಬಲ್ಲನ್ನೇ ಮೊದಲು ಎಳೆದರೆ ಶೂ ಮೇಲಿನ ಲಿವರ್ ತನ್ನ ಜಾಗ ಬಿಟ್ಟು ನಿಂತುಬಿಡುತ್ತದೆ, ಸ್ವಯಂ ಹೊಂದಾಣಿಕೆಯ ಹಲ್ಲು ಕೆಲಸ ನಿಲ್ಲಿಸುತ್ತದೆ, ಸ್ವಲ್ಪ ದಿನಕ್ಕೆ ಪೆಡಲ್ ಕೂಡ ಕೆಳಗಿಳಿಯುತ್ತದೆ. ಡ್ರಮ್ ಬಿಚ್ಚಿದಾಗ ವೀಲ್ ಸಿಲಿಂಡರ್‌ನ ರಬ್ಬರ್ ಅಂಚನ್ನು ಮೆಲ್ಲಗೆ ಎತ್ತಿ ನೋಡಿ. ಒಳಗೆ ಎಣ್ಣೆ ನಿಂತಿದ್ದರೆ ಸಿಲಿಂಡರ್ ಹೋಗಿದೆ. ಎಣ್ಣೆ ಕುಡಿದ ಶೂವನ್ನು ಪೆಟ್ರೋಲ್‌ನಲ್ಲಿ ತೊಳೆದು ಹಾಕುವವರಿದ್ದಾರೆ. ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ, ಎರಡೂ ಕಡೆ ಹೊಸ ಶೂ ಹಾಕದೆ ಬೇರೆ ದಾರಿಯಿಲ್ಲ.

ಪ್ರಶ್ನೆ: ಪೆಟ್ರೋಲ್ ಕಾರು. ಹೊಗೆ ಪರೀಕ್ಷೆಯಲ್ಲಿ ಕಾರ್ಬನ್ ಮಾನಾಕ್ಸೈಡ್ 0.9%, ಹೈಡ್ರೋಕಾರ್ಬನ್ 480 ಪಿಪಿಎಂ, ಲ್ಯಾಂಬ್ಡಾ 0.94. ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ, ಹೊಸದು ಹಾಕಬೇಕು ಅನ್ನುತ್ತಾರೆ. ಹಾಕಿಸಲೇ?

ಉತ್ತರ: ಈಗಲೇ ಬೇಡ. ನಿಮ್ಮ ವರದಿಯ ಮುಖ್ಯ ಅಂಕಿ 0.94. ಲ್ಯಾಂಬ್ಡಾ 1 ಇದ್ದರೆ ಗಾಳಿ ಮತ್ತು ಪೆಟ್ರೋಲ್ ಪ್ರಮಾಣ ಸರಿ, 0.97ರಿಂದ 1.03ರ ಒಳಗಿರಬೇಕು. 0.94 ಎಂದರೆ ಪೆಟ್ರೋಲ್ ಹೆಚ್ಚಾಗಿ ಸುರಿಯುತ್ತಿದೆ. ಕನ್ವರ್ಟರ್ ಕಾರ್ಬನ್ ಮಾನಾಕ್ಸೈಡನ್ನು ಸುಡಲು ಆಮ್ಲಜನಕ ಬೇಕು, ಇಷ್ಟು ಪೆಟ್ರೋಲ್ ಇರುವಾಗ ಅದು ಉಳಿಯುವುದೇ ಇಲ್ಲ. ಹೊಸ ಕನ್ವರ್ಟರ್ ಹಾಕಿದರೂ ಅಂಕಿ ಇಳಿಯದಿರಬಹುದು. ಜೊತೆಗೆ ಸುಡದ ಪೆಟ್ರೋಲ್ ಅದರೊಳಗೆ ಹೊತ್ತಿ ಉರಿದು, ಹೊಸದರ ಜೇನುಗೂಡಿನಂಥ ಒಳಭಾಗವೂ ಕರಗಬಹುದು.

ಮೊದಲು ಪರೀಕ್ಷೆಯ ಹೊತ್ತಿಗೆ ಎಂಜಿನ್ ಬಿಸಿಯಾಗಿತ್ತೇ ಎಂದು ಯೋಚಿಸಿ. ಕನ್ವರ್ಟರ್ ಕೆಲಸ ಶುರುಮಾಡುವುದು ಸುಮಾರು 250ರಿಂದ 300 ಡಿಗ್ರಿಯಲ್ಲಿ. ಸರದಿಯಲ್ಲಿ ಅರ್ಧ ಗಂಟೆ ಐಡಲ್‌ನಲ್ಲಿ ನಿಂತರೆ ಹಳೆಯ ಕನ್ವರ್ಟರ್ ಆರಿಹೋಗುತ್ತದೆ. 20 ನಿಮಿಷ ಚೆನ್ನಾಗಿ ಓಡಿಸಿ, ಪರೀಕ್ಷೆಗೆ ಮುಂಚೆ ಎರಡು ಮೂರು ನಿಮಿಷ 2500 ಆರ್‌ಪಿಎಂನಲ್ಲಿ ಹಿಡಿದು ಹೋಗುವುದು ಒಳ್ಳೆಯದು. ಆದರೆ ಬಿಸಿ ಮಾಡಿದ ಮಾತ್ರಕ್ಕೆ 0.94 ಸರಿಯಾಗುವುದಿಲ್ಲ.

ಆಮೇಲೆ ಸ್ಕ್ಯಾನರ್ ಹಾಕಿಸಿ. ಕೋಡ್ ಓದಿ ಬಿಟ್ಟುಬಿಡದೆ, ಎಂಜಿನ್ ಚಾಲೂ ಇರುವಾಗಿನ ಅಂಕಿಗಳನ್ನು ತೋರಿಸಲು ಹೇಳಿ. ಬಿಸಿಯಾದ ಎಂಜಿನ್‌ನಲ್ಲಿ ಕೂಲಂಟ್ ತಾಪಮಾನ ಸುಮಾರು 85ರಿಂದ 95 ಡಿಗ್ರಿ ತೋರಿಸಬೇಕು. 60ರಲ್ಲೇ ನಿಂತಿದ್ದರೆ ಥರ್ಮೋಸ್ಟಾಟ್ ತೆರೆದೇ ಉಳಿದಿದೆ, ಇಲ್ಲವೇ ಸೆನ್ಸರ್ ಸುಳ್ಳು ಹೇಳುತ್ತಿದೆ. ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಕೊಡುತ್ತದೆ. ಇದು ಅಗ್ಗದ ರಿಪೇರಿ, ಆದ್ದರಿಂದ ಮೊದಲು ಇದನ್ನೇ ನೋಡಿ.

ಮುಂದಿನದು ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್, ಅಂದರೆ ಪೆಟ್ರೋಲ್ ಪ್ರಮಾಣಕ್ಕೆ ಕಂಪ್ಯೂಟರ್ ಮಾಡಿಕೊಂಡಿರುವ ದೀರ್ಘಾವಧಿಯ ತಿದ್ದುಪಡಿ. ಇದರ ಚಿಹ್ನೆಯೇ ದಾರಿ ತೋರಿಸುತ್ತದೆ. ಮೈನಸ್ 15%ನಷ್ಟು ಇದ್ದರೆ ಕಂಪ್ಯೂಟರ್ ಪೆಟ್ರೋಲ್ ಕಡಿಮೆ ಮಾಡಲು ಹೆಣಗುತ್ತಿದೆ, ಆದರೂ ಎಲ್ಲಿಂದಲೋ ಹೆಚ್ಚು ಬರುತ್ತಿದೆ: ಸೋರುವ ಇಂಜೆಕ್ಟರ್, ಪ್ರೆಶರ್ ರೆಗ್ಯುಲೇಟರ್, ತೆರೆದೇ ಉಳಿದ ಪರ್ಜ್ ವಾಲ್ವ್ (ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್‌ಗೆ ಬಿಡುವುದು). ರೆಗ್ಯುಲೇಟರ್‌ಗೆ ಹೋಗುವ ವ್ಯಾಕ್ಯೂಮ್ ಪೈಪ್ ಎಳೆದು ನೋಡಿ, ಅದರಲ್ಲಿ ಪೆಟ್ರೋಲ್ ಹನಿ ಕಂಡರೆ ಒಳಗಿನ ಡಯಾಫ್ರಾಮ್ ಹರಿದಿದೆ. ಎಂಜಿನ್ ಆಯಿಲ್ ಕಡ್ಡಿ ಮೂಸಿ ನೋಡಿ. ಪೆಟ್ರೋಲ್ ವಾಸನೆ ಜೋರಾಗಿದ್ದರೆ ಆಯಿಲ್ ಬದಲಾಯಿಸದೆ ಪರೀಕ್ಷೆಗೆ ಹೋಗಬೇಡಿ, ಆ ಆವಿಯೂ ಎಂಜಿನ್‌ಗೇ ಸೇರುತ್ತದೆ. ಟ್ರಿಮ್ ಪ್ಲಸ್ ಕಡೆಗಿದ್ದರೆ ವಿಷಯ ಬೇರೆ. ಪೆಟ್ರೋಲ್ ಸಾಲದು ಎಂದು ನಂಬಿ ಕಂಪ್ಯೂಟರ್ ತಾನೇ ಹೆಚ್ಚಿಸುತ್ತಿದೆ. ಆಕ್ಸಿಜನ್ ಸೆನ್ಸರ್ ಸೋತಿರಬಹುದು, ಅಥವಾ ಸೆನ್ಸರ್‌ಗಿಂತ ಮುಂಚೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರಿ ಹೊರಗಿನ ಗಾಳಿ ಒಳಸೇರುತ್ತಿರಬಹುದು. ಒಳ್ಳೆಯ ಜಿರ್ಕೋನಿಯಾ ಸೆನ್ಸರ್‌ನ ವೋಲ್ಟೇಜ್ 0.1 ಮತ್ತು 0.9ರ ನಡುವೆ ಚುರುಕಾಗಿ ಏರಿಳಿಯುತ್ತದೆ. ಮುದಿಯಾದದ್ದು ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ.

ಹೈಡ್ರೋಕಾರ್ಬನ್ 480 ಇರುವುದಕ್ಕೆ ಮಿಸ್‌ಫೈರ್ ಕೂಡ ಸೇರಿಕೊಂಡಿರಬಹುದು. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಸಾಲಾಗಿ ಇಡಿ. ಒಂದು ಮಾತ್ರ ಕಪ್ಪಾಗಿ ಒದ್ದೆಯಿದ್ದರೆ ಆ ಸಿಲಿಂಡರ್‌ನ ಕಾಯಿಲ್, ವೈರ್, ಕಂಪ್ರೆಶನ್ ನೋಡಿಸಿ. ಇಷ್ಟೆಲ್ಲ ಆಗಿ ಲ್ಯಾಂಬ್ಡಾ 1ರ ಹತ್ತಿರ ಬಂದ ಮೇಲೂ ಕಾರ್ಬನ್ ಮಾನಾಕ್ಸೈಡ್ ಇಳಿಯದೆ, ಕನ್ವರ್ಟರ್ ಹಿಂದಿನ ಸೆನ್ಸರ್ ಮುಂದಿನದರಂತೆಯೇ ಕುಣಿಯುತ್ತಿದ್ದರೆ, ಆಗ ಕನ್ವರ್ಟರ್ ಹೋಗಿದೆ ಎಂದು ಧೈರ್ಯವಾಗಿ ಹೇಳಬಹುದು.

ಪ್ರಶ್ನೆ: ಹಳೆಯ ಡೀಸೆಲ್ ಕಾರನ್ನು ಹೊಗೆ ಪರೀಕ್ಷೆಗೆ ಒಯ್ಯುವ ಮುಂಚೆ ಏನು ನೋಡಬೇಕು?

ಉತ್ತರ: ಟೈಮಿಂಗ್ ಬೆಲ್ಟ್‌ನ ವಯಸ್ಸು. ಈ ಪರೀಕ್ಷೆಯಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಎಂಜಿನ್ನನ್ನು ಅದರ ಗರಿಷ್ಠ ವೇಗದವರೆಗೆ ಹಲವು ಸಲ ಏರಿಸುತ್ತಾರೆ. ಅವಧಿ ಮೀರಿದ ಬೆಲ್ಟ್ ಆ ಹೊತ್ತಿನಲ್ಲಿ ಕಡಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಎಂಜಿನ್ನೇ ಹೋಗಬಹುದು. ಆಯಿಲ್ ಮಟ್ಟ ಎರಡು ಗೆರೆಗಳ ನಡುವೆ ಇರಲಿ. ಕಪ್ಪು ಹೊಗೆಗೆ ಕೊಳೆತ ಏರ್ ಫಿಲ್ಟರ್, ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ಪೈಪ್‌ನ ಸೀಳು, ತೆರೆದೇ ಉಳಿದ ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಕಳಿಸುವುದು), ಸವೆದ ಇಂಜೆಕ್ಟರ್ ಕಾರಣ. ಇದೇ ಕ್ರಮದಲ್ಲಿ ನೋಡಿ. ಹೊಗೆ ನೀಲಿಯಿದ್ದರೆ ಆಯಿಲ್ ಉರಿಯುತ್ತಿದೆ, ಅದಕ್ಕೆ ಫಿಲ್ಟರ್ ಮದ್ದಲ್ಲ. ಪೇಟೆಯಲ್ಲೇ ಓಡುವ ಕಾರಾದರೆ ಪರೀಕ್ಷೆಯ ದಿನ ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿ. ಸೈಲೆನ್ಸರ್‌ನಲ್ಲಿ ಕೂತ ಮಸಿ ಪರೀಕ್ಷಕರ ಮುಂದೆ ಹಾರುವುದಕ್ಕಿಂತ ದಾರಿಯಲ್ಲೇ ಹೋಗಲಿ.

ಪ್ರಶ್ನೆ: ಎಂಜಿನ್ ಲೈಟ್ ಉರಿಯುತ್ತಿತ್ತು. ಪರೀಕ್ಷೆಯ ಬೆಳಿಗ್ಗೆ ಕೋಡ್ ಅಳಿಸಿಕೊಂಡು ಹೋದೆ, ಆದರೂ ತಿರಸ್ಕರಿಸಿದರು.

ಉತ್ತರ: ಕೋಡ್ ಅಳಿಸಿದಾಗ ಕಾರಿನ ಸ್ವಯಂಪರೀಕ್ಷೆಗಳ ಫಲಿತಾಂಶವೂ ಅಳಿಸಿಹೋಗುತ್ತದೆ. ಸ್ಕ್ಯಾನರ್‌ನಲ್ಲಿ ಅವೆಲ್ಲ ‘ಪೂರ್ಣವಾಗಿಲ್ಲ’ ಎಂದು ಕಾಣುತ್ತವೆ, ಅದನ್ನು ನೋಡುವ ಕಡೆ ಪರೀಕ್ಷಕರಿಗೆ ತಕ್ಷಣ ಗೊತ್ತಾಗುತ್ತದೆ. ದೋಷ ಸರಿಪಡಿಸಿದ ಮೇಲೂ ಪೇಟೆ ಮತ್ತು ಹೆದ್ದಾರಿಯಲ್ಲಿ ಕೆಲವು ದಿನ ಓಡಿಸಿ, ಎಲ್ಲ ಪೂರ್ಣವಾದ ಮೇಲೆ ಹೋಗಿ. ಎಬಿಎಸ್ ಮತ್ತು ಏರ್‌ಬ್ಯಾಗ್ ಲೈಟ್ ಕೀಲಿ ತಿರುಗಿಸಿದಾಗ ಹೊತ್ತಿ ಆಮೇಲೆ ಆರಬೇಕು. ಹೊತ್ತದೇ ಇದ್ದರೂ ಫೇಲ್. ಎಬಿಎಸ್ ಲೈಟ್‌ಗೆ ಹಳೆಯ ಕಾರಿನಲ್ಲಿ ಹೆಚ್ಚಾಗಿ ಕಾರಣವಾಗುವುದು ಚಕ್ರದ ಬಳಿಯ ಸೆನ್ಸರ್ ವೈರ್, ಇಲ್ಲವೇ ತುಕ್ಕು ಹಿಡಿದು ಸೀಳಿದ ಹಲ್ಲಿನ ಉಂಗುರ. ಏರ್‌ಬ್ಯಾಗ್ ಲೈಟ್‌ಗೆ ಮುಂದಿನ ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಅಥವಾ ಸ್ಟೀರಿಂಗ್‌ನೊಳಗಿನ ಕ್ಲಾಕ್ ಸ್ಪ್ರಿಂಗ್ (ಏರ್‌ಬ್ಯಾಗ್‌ಗೆ ಹೋಗುವ ಸುರುಳಿ ವೈರ್). ಹಳದಿ ಕನೆಕ್ಟರ್ ಮುಟ್ಟುವ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕೈಪಿಡಿ ಹೇಳಿದಷ್ಟು ಹೊತ್ತು ಕಾಯಲೇಬೇಕು.

ಪ್ರಶ್ನೆ: ಮುಂಚಕ್ರದಲ್ಲಿ ಪ್ಲೇ ಇದೆ ಎಂದು ಬರೆದಿದ್ದಾರೆ. ಯಾವ ಭಾಗ ಎಂದು ಹೇಗೆ ತಿಳಿಯುವುದು?

ಉತ್ತರ: ಚಕ್ರ ನೆಲ ಬಿಟ್ಟಿರಲಿ, ಸ್ಟ್ಯಾಂಡ್ ಭದ್ರವಾಗಿರಲಿ. ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದಾಗ ಕಟಕಟ ಎಂದರೆ ಟೈ ರಾಡ್ ಎಂಡ್ ಅಥವಾ ರ‍್ಯಾಕ್ ಒಳಗಿನ ಜಾಯಿಂಟ್. 12 ಮತ್ತು 6ರಲ್ಲಿ ಅಲ್ಲಾಡಿದರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್. ಇವೆರಡನ್ನು ಬೇರ್ಪಡಿಸಲು ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಲಿ: ಅಲ್ಲಾಟ ನಿಂತರೆ ಬೇರಿಂಗ್, ಉಳಿದರೆ ಬಾಲ್ ಜಾಯಿಂಟ್. ಲೋವರ್ ಆರ್ಮ್ ಬುಷ್‌ಗೆ ಸಣ್ಣ ಸಬ್ಬಲ್ ಕೊಟ್ಟು ಮೆಲ್ಲಗೆ ಮೀಟಿ. ಮೇಲ್ಮೈಯ ಸಣ್ಣ ಬಿರುಕಿಗೆ ಹೆದರಬೇಡಿ, ರಬ್ಬರ್ ಲೋಹದಿಂದ ಬಿಟ್ಟಿದ್ದರೆ ಬದಲಾಯಿಸಿ. ಬುಷ್‌ನ ಬೋಲ್ಟನ್ನು ಚಕ್ರ ನೆಲದ ಮೇಲೆ ನಿಂತ ಸ್ಥಿತಿಯಲ್ಲೇ ಕೊನೆಯದಾಗಿ ಬಿಗಿ ಮಾಡಬೇಕು. ಚಕ್ರ ನೇತಾಡುವಾಗ ಬಿಗಿ ಮಾಡಿದರೆ ರಬ್ಬರ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಹೊಸ ಬುಷ್ ಕೆಲವೇ ತಿಂಗಳಲ್ಲಿ ಹೋಯಿತು ಎಂಬ ದೂರಿನ ಹಿಂದೆ ಅನೇಕ ಸಲ ಇದೇ ಇರುತ್ತದೆ.

ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್ ಮಾಡಿಸಿ, ಟೈರ್ ನೋಡಿ. ಒಳಅಂಚು ಮಾತ್ರ ಸವೆದಿದ್ದರೆ ಟೋ ಅಥವಾ ಕ್ಯಾಂಬರ್ (ಚಕ್ರ ನಿಲ್ಲುವ ಕೋನಗಳು), ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ಅಲ್ಲಲ್ಲಿ ಗುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್. ಟೈರ್ ಮೇಲಿನ ಕಚ್ಚುಗಳ ಆಳ 1.6 ಮಿ.ಮೀ. ಎಂಬುದು ಹೆಚ್ಚಿನ ಕಡೆಯ ಕನಿಷ್ಠ ಮಿತಿ. ಮಳೆಯಲ್ಲಿ ಓಡಿಸುವವರು 3 ಮಿ.ಮೀ.ಗೇ ಬದಲಾಯಿಸಬೇಕೆಂಬುದು ನಮ್ಮ ಅಭಿಪ್ರಾಯ. ಪಕ್ಕದಲ್ಲಿ ಉಬ್ಬಿದ್ದರೆ ಒಳಗಿನ ದಾರ ಕಡಿದಿದೆ, ಕಚ್ಚು ಎಷ್ಟೇ ಆಳವಿದ್ದರೂ ಆ ಟೈರ್ ತೆಗೆಯಲೇಬೇಕು.

ಪ್ರಶ್ನೆ: ಹೆಡ್‌ಲೈಟ್ ಮಂದ ಎಂದು ಫೇಲ್. ಹೊಸ ಬಲ್ಬ್ ಹಾಕಿದರೂ ಅಷ್ಟೇ.

ಉತ್ತರ: ಲೈಟ್ ಉರಿಯುತ್ತಿರುವಾಗ ಬ್ಯಾಟರಿಯ ವೋಲ್ಟೇಜ್ ಮತ್ತು ಬಲ್ಬ್ ಸಾಕೆಟ್‌ನ ವೋಲ್ಟೇಜ್ ಅಳೆಯಿರಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅರ್ತ್ ಬೋಲ್ಟ್, ಸ್ವಿಚ್, ಸುಟ್ಟ ಸಾಕೆಟ್ ನೋಡಿ. ವೋಲ್ಟೇಜ್ 10% ಇಳಿದರೆ ಹ್ಯಾಲೊಜನ್ ಬಲ್ಬ್‌ನ ಬೆಳಕು ಸುಮಾರು 30% ಇಳಿಯುತ್ತದೆ. ಹಳದಿಗಟ್ಟಿದ ಪ್ಲಾಸ್ಟಿಕ್ ಲೆನ್ಸನ್ನು ಪಾಲಿಶ್ ಮಾಡಿಸಬಹುದು; ಒಳಗಿನ ರಿಫ್ಲೆಕ್ಟರ್‌ನ ಹೊಳಪೇ ಹೋಗಿದ್ದರೆ ಇಡೀ ಲೈಟ್ ಬದಲಾಯಿಸಬೇಕು. ಕೊನೆಯಲ್ಲಿ ದಿಕ್ಕು: ಲೈಟ್ ಮೇಲೆ 1% ಎಂದು ಅಚ್ಚಿದ್ದರೆ 10 ಮೀಟರ್ ದೂರದ ಗೋಡೆಯಲ್ಲಿ ಡಿಪ್ ಬೆಳಕಿನ ಮೇಲಂಚು ಲೈಟ್‌ನ ಎತ್ತರಕ್ಕಿಂತ 10 ಸೆಂ.ಮೀ. ಕೆಳಗೆ ಬೀಳಬೇಕು. ಸಮನೆಲ, ಸರಿಯಾದ ಟೈರ್ ಗಾಳಿ, ಲೆವೆಲ್ ಸ್ವಿಚ್ ಸೊನ್ನೆಯಲ್ಲಿ.

ಪ್ರಶ್ನೆ: ತುಕ್ಕಿನಿಂದ ಫೇಲ್. ಬ್ರೇಕ್ ಪೈಪ್, ಬಾಗಿಲ ಕೆಳಗಿನ ಸಿಲ್ ಎರಡೂ ಬರೆದಿದ್ದಾರೆ. ಪುಟ್ಟಿ ಹಾಕಿ ಪೇಂಟ್ ಮಾಡಿದರೆ ಸಾಲದೇ?

ಉತ್ತರ: ಸಾಲದು. ಸಿಲ್ ಎಂದರೆ ಇಡೀ ಬಾಡಿಯ ಭಾರ ಹೊರುವ ತೊಲೆ. ಪುಟ್ಟಿ, ಫೈಬರ್ ಯಾವುದೂ ಅಪಘಾತದಲ್ಲಿ ಭಾರ ತಡೆಯುವುದಿಲ್ಲ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತ ಹೋಗಿ: ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ಡಬ್ ಎನ್ನುತ್ತದೆ. ಟಣ್ ಎನ್ನುವ ತಗಡು ಸಿಗುವವರೆಗೆ ಕತ್ತರಿಸಿ, ಅದೇ ದಪ್ಪದ ಹೊಸ ತಗಡು ಇಟ್ಟು ಅಂಚಿನುದ್ದಕ್ಕೂ ಬಿಡದೆ ವೆಲ್ಡ್ ಮಾಡಿಸಬೇಕು. ಅದಕ್ಕೆ ಮೊದಲು ಬ್ಯಾಟರಿ ಬಿಚ್ಚಿ, ಕಾರ್ಪೆಟ್ ತೆಗೆದು, ಹತ್ತಿರದ ಪೆಟ್ರೋಲ್ ಪೈಪ್ ಸರಿಸಿ. ವೆಲ್ಡಿಂಗ್ ಬಿಸಿಗೆ ಒಳಬದಿಯ ಪೇಂಟ್ ಸುಟ್ಟಿರುತ್ತದೆ, ಹಾಗಾಗಿ ಒಳಗೆ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ) ಹೊಡೆಸದಿದ್ದರೆ ಅಲ್ಲಿಂದಲೇ ಮತ್ತೆ ಶುರು. ಸಿಲ್ ಕೆಳಗಿನ ನೀರು ಹೋಗುವ ತೂತುಗಳಲ್ಲಿ ಕೂತ ಮಣ್ಣನ್ನು ತಂತಿಯಿಂದ ತೆಗೆಯಿರಿ. ಹೆಚ್ಚಿನ ಸಿಲ್‌ಗಳು ಕೊಳೆಯುವುದು ಒಳಗೆ ನಿಂತ ನೀರಿನಿಂದಲೇ.

ಬ್ರೇಕ್ ಪೈಪ್ ವಿಷಯದಲ್ಲಿ ತಡ ಬೇಡವೇ ಬೇಡ. ಜೋರಾಗಿ ತುಳಿದಾಗ ಒಳಗೆ 100 ಬಾರ್‌ನಷ್ಟು ಒತ್ತಡ ಬರಬಹುದು. ಕ್ಲಿಪ್ ಕೂತ ಜಾಗದಲ್ಲಿ ಮಣ್ಣು, ತೇವ ಸೇರಿ ಪೈಪ್ ತೆಳುವಾಗುತ್ತದೆ, ಆದ್ದರಿಂದ ಕ್ಲಿಪ್ ಬಿಚ್ಚಿಯೇ ನೋಡಬೇಕು. ಬದಲಿಗೆ ತಾಮ್ರ–ನಿಕಲ್ ಪೈಪ್ ಹಾಕಿಸಿದರೆ ತುಕ್ಕಿನ ಕಾಟವಿಲ್ಲ. ತುದಿಗೆ ಕಾರಿನ ಫಿಟ್ಟಿಂಗ್‌ಗೆ ಹೊಂದುವ ಫ್ಲೇರ್ (ಅಗಲಿಸಿದ ಬಾಯಿ) ಬೇಕು. ನಡುವೆ ಕಂಪ್ರೆಶನ್ ಜಾಯಿಂಟ್ ಹಾಕಿ ಜೋಡಿಸಲು ಒಪ್ಪಬೇಡಿ.

ಪ್ರಶ್ನೆ: ಕೊಳ್ಳಬೇಕೆಂದಿರುವ ಕಾರಿನ ಪಾಸ್ ಆದ ವರದಿ ತೋರಿಸಿದ್ದಾರೆ. ಅದನ್ನು ನಂಬಿ ಕೊಳ್ಳಬಹುದೇ?

ಉತ್ತರ: ಆ ವರದಿ ಹೇಳುವುದು ಆ ದಿನದ ಸ್ಥಿತಿ. ಕ್ಲಚ್, ಗೇರ್‌ಬಾಕ್ಸ್, ಎಂಜಿನ್‌ನ ಒಳಗಿನ ಸವೆತ ಅದರಲ್ಲಿ ಬರುವುದೇ ಇಲ್ಲ. ಹಿಂದಿನ ಮೂರು ನಾಲ್ಕು ವರದಿ ಕೇಳಿ, ಫೇಲ್ ಆದವನ್ನೂ ಸೇರಿಸಿ. ಕಿಲೋಮೀಟರ್ ಅಂಕಿ ಒಮ್ಮೆಯಾದರೂ ಇಳಿದಿದೆಯೇ, ಯಾವುದಾದರೂ ಅವಧಿಯಲ್ಲಿ ನಿಂತಲ್ಲೇ ನಿಂತಿದೆಯೇ ನೋಡಿ. ಫೇಲ್ ಮಾಡದೆ ಸೂಚನೆ ಮಾತ್ರ ಕೊಟ್ಟ ಸಾಲುಗಳು ಇನ್ನೂ ಮುಖ್ಯ: ‘ಬ್ರೇಕ್ ಪೈಪ್‌ನಲ್ಲಿ ಸ್ವಲ್ಪ ತುಕ್ಕು’ ಎಂದು ಮೂರು ವರದಿಯಲ್ಲೂ ಇದ್ದರೆ ಯಾರೂ ಮುಟ್ಟಿಲ್ಲ, ಮುಂದಿನ ಖರ್ಚು ನಿಮ್ಮದೇ. ಪಾಸ್ ಆದರೂ ಕಾರ್ಬನ್ ಮಾನಾಕ್ಸೈಡ್ ವರ್ಷವರ್ಷ ಏರುತ್ತಿದ್ದರೆ ಎಂಜಿನ್ ಅಥವಾ ಕನ್ವರ್ಟರ್ ಸೋಲುತ್ತಿದೆ. ಟೈರ್ ಮೇಲಿನ ನಾಲ್ಕಂಕಿಯ ದಿನಾಂಕವನ್ನೂ ಓದಿ. 2319 ಎಂದರೆ 2019ರ 23ನೇ ವಾರ. ಸೀಟ್‌ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ, ಒಳಗಿನ ಭಾಗದಲ್ಲಿ ಕೆಸರಿನ ಗೆರೆ ಇದ್ದರೆ ಕಾರು ನೀರಲ್ಲಿ ನಿಂತಿತ್ತೇ ಎಂದು ವಿಚಾರಿಸಬೇಕು.

ತುಕ್ಕಿಗೆ ಫೇಲ್ ಆದ ಕಾರು ಮರುದಿನವೇ ಪಾಸ್ ಆಗಿದ್ದರೆ ವೆಲ್ಡಿಂಗ್ ಮಾಡಿದ ಬಿಲ್ ಮತ್ತು ಫೋಟೊ ಕೇಳಿ. ಕಾರಿನ ಕೆಳಗೆ ಒಂದೇ ಕಡೆ ಹೊಸದಾಗಿ ಕಪ್ಪು ಅಂಡರ್‌ಕೋಟ್ ಬಳಿದಿದ್ದರೆ, ಆ ಜಾಗದ ಮೇಲಿನ ಕಾರ್ಪೆಟ್ ಎತ್ತಿ ಒಳಗಿನಿಂದ ತಗಡನ್ನು ನೋಡಲು ಬಿಡುತ್ತಾರೆಯೇ ಕೇಳಿ. ಬಿಡದಿದ್ದರೆ ಬೇರೆ ಕಾರು ನೋಡಿಕೊಳ್ಳಿ.